ಗೌರವ ಪ್ರತಿ ಬೇಡ, ಚಂದಾದಾರರಾಗಿ
ಟೆಕ್ಸಸ್‌ನ ಕನ್ನಡ ಓದುಗರಿಗೆ ಒಂದು ಬಹಿರಂಗ ಪತ್ರ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಊರುಗಳ ಕನ್ನಡ ಬಂಧುಗಳೇ,

ನಾನು ನಿಮ್ಮ ನಡುವೆಯೇ ಇರುವವನು. ಡಲ್ಲಾಸಿನ ಉತ್ತರಕ್ಕೆ ಪ್ಲೇನೋದಲ್ಲಿ ಸಂಸಾರ, ಹಗಲಿಗೆ ಹೊಟ್ಟೆಪಾಡಿನ ಕೆಲಸ, ರಾತ್ರಿಗೆ ಕನ್ನಡ ಕಾದಂಬರಿ. ಬರೆದದ್ದನ್ನು ನಾನೇ ಅಚ್ಚು ಹಾಕಿಸುತ್ತೇನೆ, ನಾನೇ ಮಾರುತ್ತೇನೆ. ನನ್ನದೊಂದು ಪುಸ್ತಕ ಕೊಳ್ಳಿ ಎನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಶುಗರ್‌ಲ್ಯಾಂಡ್‌ನಲ್ಲಿ, ರೌಂಡ್‌ರಾಕ್‌ನಲ್ಲಿ, ಫ್ರಿಸ್ಕೋದಲ್ಲಿ ನನ್ನಂತೆಯೇ ಬರೆದು ಇಟ್ಟುಕೊಂಡವರಿದ್ದಾರೆ. ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಾರೆ: "ಪ್ರಕಾಶಕರು ಸಿಗುತ್ತಿಲ್ಲ. ನಾವೇ ಪುಸ್ತಕ ತಂದರೆ ಅದಕ್ಕೆ ಮರ್ಯಾದೆ ಇರುತ್ತದೆಯೇ?" ಅವರಿಗೆ ಹೇಳುವ ಉತ್ತರವನ್ನು ನಿಮ್ಮೆದುರಿಗೇ ಹೇಳಬೇಕು, ಏಕೆಂದರೆ ಆ ಉತ್ತರದ ಅರ್ಧ ಭಾಗ ನಿಮ್ಮ ಕೈಯಲ್ಲಿದೆ.

ಮರ್ಯಾದೆಯ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. ಕನ್ನಡ ಕಾದಂಬರಿ ಕಣ್ಣುಬಿಟ್ಟ ಕಾಲದಿಂದಲೂ ಅದನ್ನು ಸ್ವಂತ ಖರ್ಚಿನಲ್ಲಿ ತಂದ ಲೇಖಕರಿದ್ದಾರೆ. ಹಾವೇರಿ ಸೀಮೆಯ ಗಳಗನಾಥರು (1869–1942) ಶಾಲೆಯ ಮಾಸ್ತರರು. ಓದು ಬಲ್ಲ ಜನ ಮರಾಠಿ ಪುಸ್ತಕಗಳನ್ನೇ ಹಿಡಿದಿದ್ದ ಕಾಲದಲ್ಲಿ ಅವರು ಕನ್ನಡದಲ್ಲಿ ಕಾದಂಬರಿ ಬರೆದರು, ಪತ್ರಿಕೆ ನಡೆಸಿದರು, ಪುಸ್ತಕದ ಗಂಟು ಹೊತ್ತು ಊರೂರು ನಡೆದು ಮಾರಿದರು. ನಂಜನಗೂಡು ತಿರುಮಲಾಂಬ ಬಾಲವಿಧವೆ. ಹೆಣ್ಣುಮಗಳೊಬ್ಬಳು ಬೀದಿಗೆ ಬಂದು ವ್ಯವಹಾರ ಮಾಡುವುದು ಅಪರೂಪವಾಗಿದ್ದ 1913ರಲ್ಲಿ 'ಸತಿ ಹಿತೈಷಿಣಿ' ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿ 'ಸುಶೀಲೆ'ಯನ್ನು ತಾವೇ ಪ್ರಕಟಿಸಿದರು. ಆಮೇಲೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆಯನ್ನೂ ನಡೆಸಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಮುದ್ರಣಾಲಯವನ್ನೇ ಇಟ್ಟುಕೊಂಡರು. ಕುವೆಂಪು ಪುಸ್ತಕಗಳ ಮೇಲಿರುವ 'ಉದಯರವಿ ಪ್ರಕಾಶನ'ದ 'ಉದಯರವಿ' ಮೈಸೂರಿನಲ್ಲಿ ಅವರು ವಾಸವಿದ್ದ ಮನೆಯ ಹೆಸರು. ನಮ್ಮ ಕಾಲಕ್ಕೆ ಬಂದರೆ, ಸಾಫ್ಟ್‌ವೇರ್ ಕೆಲಸದಲ್ಲಿದ್ದ ವಸುಧೇಂದ್ರ 2004ರಲ್ಲಿ 'ಛಂದ ಪುಸ್ತಕ' ಶುರುಮಾಡಿ, ತಮ್ಮ ಪುಸ್ತಕಗಳ ಜೊತೆಗೆ ಹೊಸಬರ ಪುಸ್ತಕಗಳನ್ನೂ ತಂದರು. ಅಮೆರಿಕದ ಕನ್ನಡಿಗರ ಬದುಕನ್ನು ಒಳಗಿನಿಂದ ಕಂಡು ಬರೆದ ಎಂ. ಆರ್. ದತ್ತಾತ್ರಿಯವರ 'ದ್ವೀಪವ ಬಯಸಿ' ಹೊರಬಂದದ್ದು ಅಲ್ಲಿಂದಲೇ.

ಇವರಲ್ಲಿ ಯಾರನ್ನಾದರೂ 'ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿಕೊಂಡವರು' ಎಂದು ಕಡೆಗಣಿಸುವ ಧೈರ್ಯ ನಮಗಿದೆಯೇ? ಇಲ್ಲವೆಂದಾದರೆ ಇಂದು ಹ್ಯೂಸ್ಟನ್ನಿನ ಅಡುಗೆಮನೆಯ ಮೇಜಿನ ಮೇಲೆ ಕಾದಂಬರಿ ಮುಗಿಸಿದ ಹೆಣ್ಣುಮಗಳೊಬ್ಬಳು ಏಕೆ ನಾಚಿಕೊಳ್ಳಬೇಕು?

ನಮ್ಮ ಪಕ್ಕದ ಉದಾಹರಣೆಯೂ ಇದೆ. ಡಲ್ಲಾಸಿನಿಂದ ಪೂರ್ವಕ್ಕೆ ಸುಮಾರು 80 ಮೈಲಿ ಹೋದರೆ ಸಲ್ಫರ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರು. ಅಲ್ಲಿ ಸಮಾಜಸೇವೆಯ ಕೆಲಸ ಮಾಡಿಕೊಂಡಿದ್ದ ಕೊಲೀನ್ ಹೂವರ್ 2012ರ ಜನವರಿಯಲ್ಲಿ ತಮ್ಮ ಮೊದಲ ಕಾದಂಬರಿ 'ಸ್ಲ್ಯಾಮ್ಡ್' ಅನ್ನು ತಾವೇ ಪ್ರಕಟಿಸಿದರು. ಅದೇ ವರ್ಷ ಅದು ನ್ಯೂಯಾರ್ಕ್ ಟೈಮ್ಸ್‌ನ ಹೆಚ್ಚು ಮಾರಾಟದ ಪಟ್ಟಿ ಸೇರಿತು, ದೊಡ್ಡ ಪ್ರಕಾಶಕರು ಅವರ ಮನೆ ಬಾಗಿಲಿಗೆ ಬಂದರು. ಇಂದು ಇಲ್ಲಿನ ಯಾವ ಪುಸ್ತಕದಂಗಡಿಗೆ ಹೋದರೂ ಅವರ ಹೆಸರು ಕಾಣುತ್ತದೆ. ನಮ್ಮ ಮಕ್ಕಳ ಕೋಣೆಯಲ್ಲೂ ಅವರ ಪುಸ್ತಕ ಇದ್ದೀತು.

ಅವರಿಗೆ ಒದಗಿ ನಮಗೆ ಒದಗದಿರುವುದೇನು ಎಂದು ನಾನು ಬಹಳ ಯೋಚಿಸಿದ್ದೇನೆ. ಪ್ರತಿಭೆಯ ಮಾತು ಬದಿಗಿರಲಿ. ಅವರು ಬರೆದ ಭಾಷೆಗೆ ಯಂತ್ರವೂ ಅಂಗಡಿಯೂ ಮೊದಲೇ ಸಿದ್ಧವಿದ್ದವು. 2007ರ ಕೊನೆಯಲ್ಲಿ ಕಿಂಡಲ್ ಬಂತು, ಅದರ ಜೊತೆಗೇ ಲೇಖಕರು ತಮ್ಮ ಪುಸ್ತಕವನ್ನು ತಾವೇ ಏರಿಸುವ ವ್ಯವಸ್ಥೆಯೂ ಬಂತು. 2.99ರಿಂದ 9.99 ಡಾಲರ್ ನಡುವೆ ಬೆಲೆಯಿಟ್ಟರೆ ನೂರಕ್ಕೆ ಎಪ್ಪತ್ತು ಪಾಲು ಲೇಖಕರಿಗೆ. ಸಾಂಪ್ರದಾಯಿಕ ಪ್ರಕಾಶನದಲ್ಲಿ ಯಾರೂ ಕನಸಿನಲ್ಲೂ ಕಾಣದ ಪಾಲು ಅದು. 2016ರ ಕೊನೆಯಲ್ಲಿ ಅದೇ ಕಿಂಡಲ್ ಭಾರತೀಯ ಭಾಷೆಗಳಿಗೆ ಬಾಗಿಲು ತೆರೆದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಒಳಗೆ ಹೋದವು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಈ ಮೂರು ಊರುಗಳಲ್ಲಿ ತಂತ್ರಜ್ಞಾನದ ಕೆಲಸ ಮಾಡುವ ಕನ್ನಡಿಗರು ಎಷ್ಟು ಮಂದಿ ಇದ್ದೇವೆ! ಆದರೂ ನಮ್ಮ ಭಾಷೆಯ ಪರವಾಗಿ ಜೋರಾಗಿ ಕೇಳಿದವರು ಕಡಿಮೆ. ಇದು ನನ್ನನ್ನು ಇಂದಿಗೂ ನೋಯಿಸುವ ವಿಷಯ. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್‌ನಂಥ ವೇದಿಕೆಗಳು ಇ-ಪುಸ್ತಕ, ಕೇಳುಪುಸ್ತಕಗಳಿಗೆ ದಾರಿ ಮಾಡಿಕೊಟ್ಟಿವೆ ಎಂಬುದು ಸಮಾಧಾನ. ಕಾರಿನಲ್ಲಿ ಐ-45ರ ಮೇಲೆ ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಹೋಗುವ ಹೊತ್ತಿನಲ್ಲಿ ಒಂದು ಕನ್ನಡ ಕಾದಂಬರಿಯ ಅರ್ಧಭಾಗ ಕೇಳಿ ಮುಗಿಸಬಹುದು. ದಯವಿಟ್ಟು ಮಾಡಿ ನೋಡಿ.

ಅಚ್ಚಿನ ಕೆಲಸವಂತೂ ಈಗ ಹಗುರವಾಗಿದೆ. ಹಿಂದೆ ಆಫ್‌ಸೆಟ್‌ನಲ್ಲಿ ಸಾವಿರ ಪ್ರತಿ ಹಾಕಿಸದಿದ್ದರೆ ಒಂದೊಂದು ಪ್ರತಿಯ ಖರ್ಚು ಕೈ ಸುಡುತ್ತಿತ್ತು. ಈಗ ಡಿಜಿಟಲ್ ಮುದ್ರಣದಲ್ಲಿ ಐವತ್ತು ಪ್ರತಿ ಬೇಕೆಂದರೂ ಬೆಂಗಳೂರಿನಲ್ಲಿ ಮಾಡಿಕೊಡುತ್ತಾರೆ, ಬೇಡಿಕೆ ಬಂದಾಗ ಒಂದೇ ಪ್ರತಿ ಅಚ್ಚು ಹಾಕುವ ಕಂಪನಿಗಳೂ ಇವೆ. ಐಎಸ್‌ಬಿಎನ್ ಸಂಖ್ಯೆಗೆ ಅಮೆರಿಕದಲ್ಲಿ ಒಂದಕ್ಕೆ 125 ಡಾಲರ್ ತೆರಬೇಕು, ಭಾರತದಲ್ಲಿ ಅದನ್ನು ಸರ್ಕಾರಿ ಸಂಸ್ಥೆಯೊಂದು ಉಚಿತವಾಗಿ ಕೊಡುತ್ತದೆ. ಉಳಿದ ತಲೆನೋವುಗಳು ಸಣ್ಣವು, ಆದರೆ ನಿಜವಾದವು. ನಾವು ಯೂನಿಕೋಡ್‌ನಲ್ಲಿ ಬರೆದು ಕಳಿಸುತ್ತೇವೆ, ಅಲ್ಲಿ ಡಿಟಿಪಿ ಮಾಡುವವರು ಅದನ್ನು ಹಳೆಯ ನುಡಿ ಫಾಂಟಿಗೆ ಬದಲಿಸಿ ಪೇಜ್‌ಮೇಕರ್‌ಗೆ ಹಾಕುತ್ತಾರೆ. ಬದಲಾಗುವಾಗ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ, ಒತ್ತಕ್ಷರ ಕಳಚುತ್ತದೆ. ಇಲ್ಲಿ ರಾತ್ರಿ ಹತ್ತು ಎಂದರೆ ಬೇಸಿಗೆಯಲ್ಲಿ ಅಲ್ಲಿ ಮರುದಿನ ಬೆಳಿಗ್ಗೆ ಎಂಟೂವರೆ. ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ ಪಿಡಿಎಫ್ ತೆರೆದು ಕರಡು ತಿದ್ದಿ ಕಳಿಸುವುದು, ಅವರು ಒಂದು ತಪ್ಪು ಸರಿಪಡಿಸುವಾಗ ಇನ್ನೊಂದು ನುಸುಳುವುದು. ಇದೆಲ್ಲ ನಡೆಯುತ್ತದೆ, ಮುಗಿಯುತ್ತದೆ. ಪುಸ್ತಕ ಆಗುತ್ತದೆ.

ಆದ ಪುಸ್ತಕ ಓದುಗರ ಕೈ ಸೇರುವುದೇ ಇವತ್ತಿನ ಕಷ್ಟ.

ಒಂದು ಪ್ರತಿಯನ್ನು ಬೆಂಗಳೂರಿನಿಂದ ಇಲ್ಲಿಗೆ ಅಂಚೆಯಲ್ಲಿ ತರಿಸಿದರೆ ಪುಸ್ತಕದ ಬೆಲೆಗಿಂತ ಸಾಗಣೆಯೇ ಹೆಚ್ಚು. ಹಾಗಾಗಿ ಊರಿಗೆ ಹೋದವರ ಸೂಟ್‌ಕೇಸೇ ನಮ್ಮ ಸಾಗಣೆ ವ್ಯವಸ್ಥೆ. ಡೆಮಿ ಅಳತೆಯ 250 ಪುಟದ ಕಾದಂಬರಿ ಸುಮಾರು 300 ಗ್ರಾಂ ತೂಗುತ್ತದೆ. 23 ಕಿಲೋದ ಒಂದು ಪೆಟ್ಟಿಗೆಗೆ 70 ಪ್ರತಿ ಹಿಡಿಯುತ್ತದೆ, ಅದೂ ಅಮ್ಮ ಕಟ್ಟಿಕೊಟ್ಟ ಸಾರಿನಪುಡಿ, ಹಪ್ಪಳ ಬಿಟ್ಟುಬಂದರೆ. ಬಂದ ಪುಸ್ತಕವನ್ನು ಇಡುವುದೆಲ್ಲಿ? ಇಂಗ್ಲಿಷಿನಲ್ಲಿ ಬರೆಯುವವರಿಗೆ ಆಸ್ಟಿನ್‌ನಲ್ಲಿ 1970ರಿಂದ ನಡೆದುಬಂದ ಬುಕ್‌ಪೀಪಲ್ ಇದೆ, ಸ್ಥಳೀಯ ಲೇಖಕರ ಪುಸ್ತಕವನ್ನು ಮಾರಾಟವಾದ ಮೇಲೆ ಹಣ ಕೊಡುವ ಕರಾರಿನ ಮೇಲೆ ಅಲ್ಲಿ ಇಡಬಹುದು. ಹ್ಯೂಸ್ಟನ್ನಿನಲ್ಲಿ ಬ್ರಾಜೋಸ್ ಬುಕ್‌ಸ್ಟೋರ್ ಇದೆ. 1996ರಿಂದ ಆಸ್ಟಿನ್‌ನ ರಾಜ್ಯ ವಿಧಾನಭವನದ ಸುತ್ತ ಟೆಕ್ಸಸ್ ಪುಸ್ತಕೋತ್ಸವ ನಡೆಯುತ್ತದೆ. ಅನುವಾದಕ್ಕೆಂದೇ 2013ರಲ್ಲಿ ಡಲ್ಲಾಸಿನಲ್ಲಿ ಡೀಪ್ ವೆಲ್ಲಮ್ ಪ್ರಕಾಶನ ಹುಟ್ಟಿದೆ. ಕನ್ನಡ ಪುಸ್ತಕಕ್ಕೆ ಇಲ್ಲಿರುವ ಅಂಗಡಿ ಒಂದೇ: ನಮ್ಮ ಸಂಘಗಳ ಯುಗಾದಿ, ಗಣೇಶ, ರಾಜ್ಯೋತ್ಸವದ ಸಭಾಂಗಣ.

ಆ ಸಭಾಂಗಣದಲ್ಲಿ ಪುಸ್ತಕಕ್ಕೆ ಏನಾಗುತ್ತದೆ ಎಂದು ನೇರವಾಗಿಯೇ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ನನ್ನ ಕಾದಂಬರಿಯೊಂದರ ಬಿಡುಗಡೆ ಇಂಥ ಒಂದು ಸಮಾರಂಭದಲ್ಲಿ ಎರಡು ನೃತ್ಯಗಳ ನಡುವೆ, ಮಕ್ಕಳು ವೇಷ ಬದಲಿಸಿಕೊಳ್ಳುವ ಬಿಡುವಿನಲ್ಲಿ ನಡೆಯಿತು. ವೇದಿಕೆಯ ಮೇಲಿದ್ದವರೆಲ್ಲ ಒಂದೊಂದು ಪ್ರತಿ ಎತ್ತಿ ಹಿಡಿದು ಫೋಟೋಗೆ ನಿಂತರು. ಇಳಿದು ಬಂದ ಮೇಲೆ ಆ ಪ್ರತಿಗಳು ಗೌರವ ಪ್ರತಿಗಳಾದವು. ಹೊರಗಿನ ಮೇಜಿನ ಬಳಿ ಬಂದ ಅನೇಕರು ಪ್ರೀತಿಯಿಂದಲೇ ಕೇಳಿದರು: "ನನಗೊಂದು ಕಾಪಿ ಕೊಡಿ, ಓದಿ ಹೇಳ್ತೀನಿ." ಬೆಲೆ ಕೇಳಿದವರು ಬೆರಳೆಣಿಕೆಯವರು. ಅವರಲ್ಲಿ ಒಬ್ಬ ಅಜ್ಜಿ ಇದ್ದರು. ಮಗನ ಮನೆಗೆಂದು ಆರು ತಿಂಗಳಿಗೆ ಬಂದವರು. ಸೊಸೆಯ ಹತ್ತಿರ ದುಡ್ಡು ಇಸಕೊಂಡು ಪುಸ್ತಕ ತೆಗೆದುಕೊಂಡರು, ವಾರದೊಳಗೆ ಓದಿ ಫೋನ್ ಮಾಡಿ, "ಹದಿನೈದನೇ ಅಧ್ಯಾಯದಿಂದ ಮುಂದೆ ಅವಸರ ಮಾಡಿದ್ದೀಯಪ್ಪಾ" ಎಂದರು. ಆ ಪುಸ್ತಕಕ್ಕೆ ಸಿಕ್ಕ ಅತ್ಯುತ್ತಮ ವಿಮರ್ಶೆ ಅದೇ.

ಪುಸ್ತಕವನ್ನು ಪುಕ್ಕಟೆ ಪಡೆಯುವುದು ಲೇಖಕರಿಗೆ ಮಾಡುವ ಉಪಕಾರ ಎಂದು ನಮ್ಮಲ್ಲಿ ಹಲವರು ನಿಜವಾಗಿ ನಂಬಿದ್ದೇವೆ. ಇದರ ಹಿಂದೆ ಕೆಟ್ಟ ಮನಸ್ಸಿಲ್ಲ. 'ಅಮೆರಿಕದಲ್ಲಿರುವವರಿಗೆ ದುಡ್ಡಿನ ಕೊರತೆಯೇ' ಎಂಬ ಭಾವನೆ ಊರಿನ ಪ್ರಕಾಶಕರಲ್ಲಿ ಹೇಗಿದೆಯೋ ಹಾಗೆಯೇ ನಮ್ಮೊಳಗೂ ಇದೆ. ಹೊರದೇಶದ ಲೇಖಕ ಎಂದಾಕ್ಷಣ "ಮುದ್ರಣದ ಖರ್ಚು ನೀವು ಹಾಕಿಕೊಳ್ಳಿ" ಎನ್ನುವುದು ಈಗ ರೂಢಿಯಾಗಿದೆ. ಆ ಪ್ರಕಾಶಕರನ್ನು ನಾನು ಪೂರ್ತಿ ದೂರುವುದಿಲ್ಲ. ಕನ್ನಡ ಪ್ರಕಾಶನದ ಲೆಕ್ಕಾಚಾರ ದಶಕಗಳಿಂದ ನಿಂತಿರುವುದು ಕರ್ನಾಟಕದ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಮೇಲೆ. ಆಯ್ಕೆಯಾದ ಪುಸ್ತಕದ ಸಾಮಾನ್ಯವಾಗಿ 300 ಪ್ರತಿ ಇಲಾಖೆ ಕೊಳ್ಳುತ್ತದೆ. ಆ ಹಣ ತಡವಾದರೆ, ಪುಟಕ್ಕೆ ಕಟ್ಟುವ ದರ ಕಾಗದದ ಬೆಲೆಯ ಹಿಂದೆ ಬಿದ್ದರೆ ಪ್ರಕಾಶಕರ ಮನೆಯಲ್ಲೂ ಒಲೆ ಉರಿಯುವುದು ಕಷ್ಟ. ಹೊಸ ಹೆಸರಿನ ಮೇಲೆ ಬಂಡವಾಳ ಹೂಡಲು ಅವರು ಹಿಂಜರಿಯುತ್ತಾರೆ. ಹೀಗೆ ಇಲ್ಲಿನವರು ಲೇಖಕರೂ ಪ್ರಕಾಶಕರೂ ಆಗಬೇಕಾಗಿ ಬಂದಿದೆ.

ಆಸ್ಟಿನ್‌ನವರಿಗೆ ಒಂದು ವಿಷಯ ನೆನಪಿಸಲೇಬೇಕು. ಹಾಸನದಲ್ಲಿ ಹುಟ್ಟಿದ, 'ಕಾಂತಾಪುರ' ಬರೆದ ರಾಜಾ ರಾವ್ ನಿಮ್ಮೂರಿನವರು. 1966ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಭಾರತೀಯ ತತ್ತ್ವಶಾಸ್ತ್ರ ಕಲಿಸಲು ಬಂದು, 2006ರಲ್ಲಿ ಅದೇ ಊರಿನಲ್ಲಿ ತೀರಿಕೊಂಡರು. ಅವರ ಆರಂಭದ ಬರಹಗಳಲ್ಲಿ ಕೆಲವು ಕನ್ನಡದಲ್ಲೇ, 'ಜಯ ಕರ್ನಾಟಕ' ಪತ್ರಿಕೆಯಲ್ಲಿ ಬಂದಿದ್ದವು. ಆಮೇಲೆ ಅವರು ಇಂಗ್ಲಿಷ್ ಹಿಡಿದರು, ಅದು ಅವರ ಆಯ್ಕೆ. ಅಂದು ಆಸ್ಟಿನ್‌ನಲ್ಲಿ ಕುಳಿತು ಕನ್ನಡ ಕಾದಂಬರಿ ಬರೆದಿದ್ದರೆ ಅದನ್ನು ಓದಲು ಆ ಊರಿನಲ್ಲಿ ಎಷ್ಟು ಮನೆಗಳಿದ್ದವು? ಇಂದು ರೌಂಡ್‌ರಾಕ್, ಸೀಡರ್ ಪಾರ್ಕ್ ಕಡೆ ಒಂದು ಬೀದಿಯಲ್ಲಿ ನಡೆದರೆ ಎರಡು ಮನೆಯಿಂದಾದರೂ ಕನ್ನಡ ಕೇಳುತ್ತದೆ. ಅಂದು ಇಲ್ಲದ ಓದುಗರು ಇಂದು ಇದ್ದೀರಿ.

ಇಲ್ಲಿಗೆ ಕನ್ನಡ ಪುಸ್ತಕ ಬಂದ ಬಗೆಯೂ ವಿಚಿತ್ರವಾದದ್ದು. ಅಮೆರಿಕದ ಗೋಧಿಗೆ ಭಾರತ ರೂಪಾಯಿಯಲ್ಲಿ ಹಣ ಕಟ್ಟುತ್ತಿದ್ದ ಪಿಎಲ್-480 ಯೋಜನೆಯ ಕಾಲದಲ್ಲಿ, ಆ ರೂಪಾಯಿಗಳನ್ನೇ ಬಳಸಿ 1962ರಿಂದ ಲೈಬ್ರರಿ ಆಫ್ ಕಾಂಗ್ರೆಸ್ ಭಾರತೀಯ ಭಾಷೆಗಳ ಪುಸ್ತಕ ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹಂಚಿತು. ನಮ್ಮ ಹಿರಿಯರು ರೇಷನ್ ಅಂಗಡಿಯಲ್ಲಿ ಸಾಲು ನಿಂತು ತಂದ ಗೋಧಿಯ ದುಡ್ಡಿನಲ್ಲಿ ಕನ್ನಡ ಕಾದಂಬರಿಗಳು ಸಮುದ್ರ ದಾಟಿದವು. ನಾವು ಅದಕ್ಕಿಂತ ಎಷ್ಟೋ ಅನುಕೂಲದಲ್ಲಿದ್ದೇವೆ. ನಮ್ಮ ನಗರ ಗ್ರಂಥಾಲಯಗಳಲ್ಲಿ ಓದುಗರು ಬೇಕಾದ ಪುಸ್ತಕ ಸೂಚಿಸಬಹುದು. ಕಾರ್ಡ್ ಇರುವ ಪ್ರತಿ ಕನ್ನಡ ಕುಟುಂಬ ವರ್ಷಕ್ಕೊಂದು ಕನ್ನಡ ಪುಸ್ತಕ ಬೇಕೆಂದು ಬರೆದುಕೊಟ್ಟರೂ ಆ ಕೋರಿಕೆ ಗ್ರಂಥಾಲಯದವರ ಗಮನಕ್ಕೆ ಬರುತ್ತದೆ.

ಇಷ್ಟು ಹೇಳಿ ನನ್ನ ಮುಖ್ಯ ಕೋರಿಕೆಗೆ ಬರುತ್ತೇನೆ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಶುರುಮಾಡಿದರು. ಅವರ ಬೆನ್ನಿಗಿದ್ದದ್ದು ಚಂದಾದಾರರು. ಓದುಗರು ಮೊದಲೇ ಚಂದಾ ಕಟ್ಟುತ್ತಿದ್ದರು, ವರ್ಷದುದ್ದಕ್ಕೂ ಪುಸ್ತಕಗಳು ಅವರ ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಬರುತ್ತದೆಂದು ಮುಂಚೆ ತಿಳಿಯದಿದ್ದರೂ ಆಯ್ಕೆ ಮಾಡುವವರ ಮೇಲೆ ನಂಬಿಕೆ ಇತ್ತು. ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಅಲ್ಲಿ ಸಲಹೆಗಾರರಾಗಿದ್ದರು. ಸ್ವಯಂ ಪ್ರಕಾಶನದಲ್ಲಿ ನಾವು ಕಳೆದುಕೊಂಡಿರುವುದು ಈ ಎರಡನ್ನೂ: ಮೊದಲೇ ಕೈಹಿಡಿಯುವ ಓದುಗರನ್ನು, ಹಸ್ತಪ್ರತಿ ಓದಿ "ಇದು ಸಾಲದು, ಇನ್ನೊಮ್ಮೆ ಬರಿ" ಎನ್ನುವ ಹಿರಿಯರನ್ನು. ನೆಟ್ಟಗೆ ಹೇಳುವುದಾದರೆ ಸ್ವಂತವಾಗಿ ಪ್ರಕಟವಾದ ನಮ್ಮ ಅನೇಕ ಕಾದಂಬರಿಗಳು ಇನ್ನೂ ಒಂದು ತಿದ್ದುವಿಕೆ ಬೇಡುವ ಸ್ಥಿತಿಯಲ್ಲೇ ಅಚ್ಚಾಗುತ್ತಿವೆ. ಮುದ್ರಣ ಸುಲಭವಾದಷ್ಟೂ ಆ ಅಪಾಯ ಹೆಚ್ಚು. ಸ್ನೇಹಿತರ ಮುನ್ನುಡಿ, ಬಂಧುಗಳ ಬೆನ್ನುಡಿ ಅದನ್ನು ಮುಚ್ಚಲಾರವು.

ಈ ಮೂರು ಊರುಗಳು ಒಂದಕ್ಕೊಂದು ಮೂರು-ನಾಲ್ಕು ಗಂಟೆಯ ದಾರಿ. ಒಂದೊಂದು ಊರಿನಲ್ಲಿ ನೂರು ಮನೆಗಳು ಚಂದಾದಾರರಾದರೆ ಒಟ್ಟು 300 ಪ್ರತಿ, ಕರ್ನಾಟಕದ ಗ್ರಂಥಾಲಯ ಇಲಾಖೆ ಒಂದು ಪುಸ್ತಕಕ್ಕೆ ಕೊಡುವಷ್ಟೇ ಬಲ. ಒಂದು ಮನೆ ವರ್ಷಕ್ಕೆ 60 ಡಾಲರ್ ಕಟ್ಟಲಿ, ನಾಲ್ಕು ಪುಸ್ತಕ ಬರಲಿ. ಎರಡು ಹೊರನಾಡಿನವರದು, ಎರಡು ಕರ್ನಾಟಕದ ಸಣ್ಣ ಪ್ರಕಾಶಕರದು. ಪುಸ್ತಕಗಳು ಒಟ್ಟಾಗಿ ಒಂದು ವಿಳಾಸಕ್ಕೆ ಬಂದರೆ ಸಾಗಣೆ ಅಗ್ಗ. ಇಲ್ಲಿಂದ ಮನೆಮನೆಗೆ ಕಳಿಸಲು ಅಂಚೆ ಇಲಾಖೆಯ ಮೀಡಿಯಾ ಮೇಲ್ ಪುಸ್ತಕಗಳಿಗೆಂದೇ ಇದೆ. ಪ್ರತಿ ಊರಿನಿಂದ ಇಬ್ಬರು ಗಟ್ಟಿ ಓದುಗರು ಮುಂದೆ ಬರಲಿ. ಹೆಸರು ತೆಗೆದ ಹಸ್ತಪ್ರತಿಗಳನ್ನು ಅವರು ಓದಲಿ. ತಮ್ಮದೇ ಬರಹ ಸರದಿಯಲ್ಲಿರುವ ಯಾರೂ ಆ ವರ್ಷ ಆಯ್ಕೆಗೆ ಕೂರದಿರಲಿ, ನಾನೂ ಸೇರಿ. ಒಪ್ಪಿಗೆಯಾಗದ ಹಸ್ತಪ್ರತಿಗೆ ಕಾರಣ ಬರೆದು ಹಿಂದಿರುಗಿಸಲಿ. ಕಾರಣ ಬರೆಯುವುದೇ ಈ ಕೆಲಸದ ಅತ್ಯಂತ ಬೆಲೆಬಾಳುವ ಭಾಗವೆಂದು ನನ್ನ ನಂಬಿಕೆ.

ಇದಕ್ಕೆ ಹೊಸ ಸಂಸ್ಥೆ, ಹೊಸ ಅಧ್ಯಕ್ಷರು, ಹೊಸ ಲಾಂಛನ ಬೇಕಿಲ್ಲ. ಸಂಘಗಳು ಈಗಾಗಲೇ ಇವೆ, ದುಡಿಯುವ ಕೈಗಳಿವೆ. 2000ದಲ್ಲಿ ಹ್ಯೂಸ್ಟನ್‌ನಲ್ಲಿ, 2018ರಲ್ಲಿ ಡಲ್ಲಾಸ್‌ನಲ್ಲಿ 'ಅಕ್ಕ' ಸಂಸ್ಥೆಯ ವಿಶ್ವ ಕನ್ನಡ ಸಮ್ಮೇಳನಗಳನ್ನು ಹೊತ್ತು ನಡೆಸಿದ ಊರುಗಳಿವು. ಸಾವಿರಾರು ಜನರಿಗೆ ಊಟ ಹಾಕಿ, ದೂರದಿಂದ ಬಂದವರಿಗೆ ಮನೆಗಳಲ್ಲಿ ಜಾಗ ಕೊಟ್ಟವರಿಗೆ ಮುನ್ನೂರು ಮನೆಗೆ ಪುಸ್ತಕ ತಲುಪಿಸುವುದು ದೊಡ್ಡ ಮಾತಲ್ಲ. ಅಮೆರಿಕದ ಲೇಖಕರನ್ನು ಒಂದೆಡೆ ಸೇರಿಸಿ ಪುಸ್ತಕಗಳನ್ನು ತರುತ್ತಾ ಬಂದಿರುವ ಕನ್ನಡ ಸಾಹಿತ್ಯ ರಂಗದ ಅನುಭವವೂ ನಮಗೆ ನೆರವಾದೀತು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಗುಂಪುಗಳಲ್ಲಿ ಅಭಿನಂದನೆಯ ಸಂದೇಶಗಳು ಹರಿದವು. ನಾನೂ ಕಣ್ಣು ತುಂಬಿಕೊಂಡೆ. ಆ ಅನುವಾದವನ್ನು ಪ್ರಕಟಿಸಿದ್ದು ಇಂಗ್ಲೆಂಡಿನ ಒಂದು ಸಣ್ಣ ಪ್ರಕಾಶನ, ಅಂಡ್ ಅದರ್ ಸ್ಟೋರೀಸ್. ಅದನ್ನು ಕಟ್ಟಿ ಬೆಳೆಸಿದ್ದರಲ್ಲಿ ಮುಂಗಡ ಚಂದಾ ಕಟ್ಟುವ ಓದುಗರ ಪಾಲು ದೊಡ್ಡದು. ಆ ಪ್ರಕಾಶನದ ಪುಸ್ತಕಗಳ ಹಿಂದಿನ ಪುಟಗಳಲ್ಲಿ ಚಂದಾದಾರರ ಹೆಸರುಗಳನ್ನು ಅಚ್ಚು ಹಾಕಿರುವುದನ್ನು ನೀವು ನೋಡಬಹುದು. ಕನ್ನಡದ ಕತೆಗಳನ್ನು ಲೋಕಕ್ಕೆ ಮುಟ್ಟಿಸಿದ ಕ್ರಮ ನಮ್ಮ ಧಾರವಾಡದ ಕ್ರಮಕ್ಕೆ ಎಷ್ಟು ಹತ್ತಿರದ್ದು ನೋಡಿ.

ಬರೆಯುವವರಿಗೂ ಒಂದು ಮಾತು. ಗೌರವ ಪ್ರತಿ ಹಂಚುವುದನ್ನು ನಾವು ನಿಲ್ಲಿಸಬೇಕು. ವಿಮರ್ಶಕರಿಗೆ, ಗ್ರಂಥಾಲಯಕ್ಕೆ, ಕನ್ನಡ ಶಾಲೆಗೆ ಕೊಡೋಣ. ಉಳಿದವರಿಗೆ ಬೆಲೆ ಹೇಳೋಣ, ಸಂಕೋಚವಿಲ್ಲದೆ. ಪುಸ್ತಕ ಬಿಡುಗಡೆ ತಡವಾದರೂ ಪರವಾಗಿಲ್ಲ, ಕಡೇಪಕ್ಷ ಇಬ್ಬರು ನಿಷ್ಠುರ ಓದುಗರು ಓದದೆ ಯಾವ ಹಸ್ತಪ್ರತಿಯೂ ಮುದ್ರಣಕ್ಕೆ ಹೋಗದಿರಲಿ.

ಈ ಸಲದ ರಾಜ್ಯೋತ್ಸವಕ್ಕೆ ಮೂರೂ ಊರಿನ ಸಭಾಂಗಣದ ಬಾಗಿಲಲ್ಲಿ, ಊಟದ ಟೋಕನ್ ಕೊಡುವ ಮೇಜಿನ ಪಕ್ಕದಲ್ಲೇ ಒಂದು ಚಂದಾ ಪುಸ್ತಕ ಇಡಿಸಲು ಆಯಾ ಊರಿನ ಕಾರ್ಯಕಾರಿ ಸಮಿತಿಯವರನ್ನು ಕೇಳುತ್ತಿದ್ದೇನೆ. ಅದರಲ್ಲಿ ನಿಮ್ಮ ಮನೆಯ ಹೆಸರು ಬರೆಯಿರಿ. ಮೊದಲ ಪುಸ್ತಕ ಯುಗಾದಿಯ ಹೊತ್ತಿಗೆ ನಿಮ್ಮ ಮನೆಗೆ ಬರುತ್ತದೆ. ಅದು ನನ್ನ ಪುಸ್ತಕ ಆಗಿರುವುದಿಲ್ಲ. ಓದಿ, ಹಿಡಿಸದಿದ್ದರೆ ಏಕೆ ಹಿಡಿಸಲಿಲ್ಲವೆಂದು ಬರೆದವರಿಗೆ ಫೋನ್ ಮಾಡಿ ಹೇಳಿ.

ಇಂತಿ,
ನಿಮ್ಮ ನಡುವಿನ ಒಬ್ಬ ಕಾದಂಬರಿಕಾರ
ಪ್ಲೇನೋ, ಟೆಕ್ಸಸ್